ತೆಂಗಿನ ಮರ ಹತ್ತದೆ ಎತ್ತರ ತಿಳಿಯುವ ಬಗೆ

ಸೈನ್, ಕಾಸ್, ಟ್ಯಾನ್‌ಗಳ ಕೋಷ್ಟಕವನ್ನು ತಡವರಿಸದೆ ಒಪ್ಪಿಸುವ ಹತ್ತನೆಯ ತರಗತಿಯ ಹುಡುಗನೂ ‘ಎತ್ತರ ಮತ್ತು ದೂರ’ದ ಲೆಕ್ಕ ಬಂದೊಡನೆ ಪೆನ್ನು ಕೆಳಗಿಡುತ್ತಾನೆ. ಸೂತ್ರ ಮರೆತಿರಬೇಕೆಂದು ಮನೆಯವರು ಇನ್ನಷ್ಟು ಬಾಯಿಪಾಠ ಮಾಡಿಸುತ್ತಾರೆ. ಸೂತ್ರ ಅವನಿಗೆ ಚೆನ್ನಾಗಿಯೇ ನೆನಪಿದೆ. ಪ್ರಶ್ನೆಯ ಮೂರು ವಾಕ್ಯಗಳಲ್ಲಿ ಲಂಬಕೋನ ತ್ರಿಭುಜ ಎಲ್ಲಿ ಅಡಗಿದೆ ಎಂಬುದು ಮಾತ್ರ ಕಾಣುತ್ತಿಲ್ಲ. ಅದನ್ನು ಕಾಣಿಸಲು ಮನೆಯ ಹಿತ್ತಿಲು ಸಾಕು.

ಕಂಪಾಸ್ ಪೆಟ್ಟಿಗೆಯ ಕೋನಮಾಪಕದ ನೇರ ಅಂಚಿಗೆ ಎಳನೀರು ಕುಡಿಯುವ ಸ್ಟ್ರಾ ಅಂಟಿಸಬೇಕು. ಕೇಂದ್ರಬಿಂದುವಿನಿಂದ ದಾರ ಇಳಿಬಿಟ್ಟು ತುದಿಗೆ ಸಣ್ಣ ಕಲ್ಲು ಕಟ್ಟಬೇಕು. ಕಮಾನು ಕೆಳಗೆ ಬರುವಂತೆ ಹಿಡಿದು, ಸ್ಟ್ರಾ ಮಟ್ಟವಾಗಿದ್ದಾಗ ದಾರ 90 ಡಿಗ್ರಿಯ ಗೆರೆಯ ಮೇಲೆ ಬೀಳುತ್ತದೆ. ಸ್ಟ್ರಾದ ಮೂಲಕ ಮರದ ತುದಿಯನ್ನು ನೋಡಿದಾಗ ದಾರ 90ರಿಂದ ಎಷ್ಟು ಸರಿಯಿತೋ ಅಷ್ಟೇ ಉನ್ನತ ಕೋನ. ಒಬ್ಬರು ನೋಡಬೇಕು, ಇನ್ನೊಬ್ಬರು ಅಳತೆ ಓದಬೇಕು. ಟ್ರಿಗ್ನಾಮೆಟ್ರಿ ಬಾರದ ತಾಯಿತಂದೆಯರೂ ಇಷ್ಟು ನೆರವಾಗಬಲ್ಲರು. ಸೂರ್ಯನಿರುವ ಕಡೆಗೆ ಮಾತ್ರ ಸ್ಟ್ರಾ ತಿರುಗಿಸಕೂಡದು.

ಹುಡುಗಿಯೊಬ್ಬಳು ತೆಂಗಿನ ಮರದ ಬುಡದಿಂದ 12 ಮೀಟರ್ ದೂರದಲ್ಲಿ ನಿಂತಾಗ ಕೋನ 45 ಡಿಗ್ರಿ ಬಂತೆಂದು ಇಟ್ಟುಕೊಳ್ಳಿ. ಟ್ಯಾನ್ 45 ಎಂದರೆ 1. ಆದ್ದರಿಂದ ಎತ್ತರ 12 ಮೀಟರ್ ಎಂದು ಬರೆದು ಮುಗಿಸುವವರೇ ಹೆಚ್ಚು. ಆದರೆ ಅವಳ ಕಣ್ಣು ನೆಲದಲ್ಲಿಲ್ಲವಲ್ಲ! ಅದು 1.4 ಮೀಟರ್ ಮೇಲಿದ್ದರೆ ಮರದ ಎತ್ತರ 13.4 ಮೀಟರ್. ಪುಸ್ತಕದ ಲೆಕ್ಕದಲ್ಲಿ ವೀಕ್ಷಕನ ಎತ್ತರವನ್ನು ಕೊಟ್ಟಿರುವುದು ಅಲಂಕಾರಕ್ಕಲ್ಲ.

ಹತ್ತಿರ ನಿಂತು ಅಳೆದರೆ ಉತ್ತರ ಹೆಚ್ಚು ನಿಖರ ಎಂಬ ಭಾವನೆ ಸಹಜ. ಇಲ್ಲಿ ಅದು ತಪ್ಪು. 12 ಮೀಟರ್ ದೂರದಲ್ಲಿ 45ರ ಬದಲು 46 ಎಂದು ಓದಿದರೆ ಉತ್ತರ ಸುಮಾರು 43 ಸೆಂಟಿಮೀಟರ್ ಹೆಚ್ಚುತ್ತದೆ. ಅದೇ ಮರವನ್ನು 3.2 ಮೀಟರ್ ಸಮೀಪದಿಂದ ನೋಡಿದರೆ ಕೋನ ಸುಮಾರು 75 ಡಿಗ್ರಿ; ಆಗ ಒಂದು ಡಿಗ್ರಿ ತಪ್ಪಿದರೆ ಸುಮಾರು 90 ಸೆಂಟಿಮೀಟರ್ ಹೆಚ್ಚು. ಕೋನ 45ರ ಆಸುಪಾಸಿಗೆ ಬರುವವರೆಗೆ ಹಿಂದೆ ಸರಿಯುವುದೇ ಲೇಸು.

ಮರ ನಾಲೆಯ ಆಚೆ ದಡದಲ್ಲಿದ್ದು ಬುಡದವರೆಗೆ ಟೇಪು ಹಿಡಿಯಲಾಗದಿದ್ದರೆ? ಈಚೆ ದಡದಲ್ಲಿ ಕೋನ 60 ಡಿಗ್ರಿ. ಮಟ್ಟವಾದ ನೆಲದಲ್ಲಿ ನೇರ ಹಿಂದಕ್ಕೆ 20 ಮೀಟರ್ ಸರಿದಾಗ 30 ಡಿಗ್ರಿ. ಮೊದಲು ನಿಂತ ಜಾಗಕ್ಕೂ ಬುಡಕ್ಕೂ ಇರುವ ದೂರ ‘ದ’, ಕಣ್ಣಿನ ಮಟ್ಟದಿಂದ ಮರದ ಎತ್ತರ ‘ಎ’ ಆಗಿರಲಿ. ಮೊದಲ ತ್ರಿಭುಜದಿಂದ ಎ = √3 ದ. ಎರಡನೆಯದರಿಂದ ದ + 20 = √3 ಎ, ಅಂದರೆ 3 ದ. ಆದ್ದರಿಂದ ದ = 10 ಮೀಟರ್, ಎ = 17.3 ಮೀಟರ್. ಕಣ್ಣಿನ 1.4 ಸೇರಿಸಿದರೆ ಮರ 18.7 ಮೀಟರ್. ಕಾಲು ಒದ್ದೆಯಾಗದೆ ಆಚೆ ದಡದ ದೂರವೂ ಸಿಕ್ಕಿತು!

ಎವರೆಸ್ಟ್ ಶಿಖರದ ವಿಷಯದಲ್ಲಿ ನಡೆದದ್ದೂ ಇಂಥದೇ. ನೇಪಾಳದೊಳಗೆ ಹೋಗಲಾಗದ ಸರ್ವೇಯರುಗಳು ನೂರು ಮೈಲಿಗೂ ಹೆಚ್ಚು ದೂರದ ಬಯಲಿನಿಂದ ಕೋನಗಳನ್ನು ಅಳೆದರು. ಭೂಮಿ ದುಂಡಗಿರುವುದನ್ನೂ ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಲೆಕ್ಕಕ್ಕೆ ಹಿಡಿದು 1856ರಲ್ಲಿ ಪ್ರಕಟಿಸಿದ ಎತ್ತರ 29,002 ಅಡಿ. 2020ರಲ್ಲಿ ಘೋಷಿಸಿದ 8,848.86 ಮೀಟರಿಗೂ ಅದಕ್ಕೂ ಸುಮಾರು 30 ಅಡಿ ಅಂತರವಷ್ಟೆ. ಮನುಷ್ಯ ಆ ಶಿಖರ ಹತ್ತಿದ್ದು 1953ರಲ್ಲಿ.

ಇನ್ನು ಅವನತ ಕೋನ. ಮಹಡಿಯ ಮೇಲಿನಿಂದ ಕೆಳಗಿನ ಸೈಕಲನ್ನು ನೋಡುವ ಲೆಕ್ಕದಲ್ಲಿ ಮಕ್ಕಳು ಕೋನವನ್ನು ಗೋಡೆಯ ಪಕ್ಕದಲ್ಲಿ ಗುರುತಿಸಿ ಅಂಕ ಕಳೆದುಕೊಳ್ಳುತ್ತಾರೆ. ಕಣ್ಣಿನ ನೇರಕ್ಕೆ ಮೊದಲು ಮಟ್ಟವಾದ ಗೆರೆ ಎಳೆದು, ಅದರಿಂದ ಕೆಳಕ್ಕೆ ಕೋನ ಹಿಡಿಯಬೇಕು. ನಂಬಿಕೆ ಬರದಿದ್ದರೆ ಒಬ್ಬ ಗೆಳೆಯ ಮಹಡಿಯಲ್ಲಿ, ಇನ್ನೊಬ್ಬ ಅಂಗಳದಲ್ಲಿ ನಿಂತು ಒಬ್ಬರ ಕಣ್ಣನ್ನು ಒಬ್ಬರು ಸ್ಟ್ರಾದಲ್ಲಿ ನೋಡಲಿ. ಇಬ್ಬರ ದಾರವೂ 90ರಿಂದ ಒಂದೇ ಅಷ್ಟು ಸರಿದಿರುತ್ತದೆ.