ಬಾಡಿಗೆ ಮನೆಯ ಕೊಳೆ: ಬಣ್ಣದ ಕಾಸಿನಿಂದ ತೊಳೆದುಹೋಗದು

2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಬೀದಿಗಳಲ್ಲಿ ಹಿಂದೆಂದೂ ಕಾಣದ ದೃಶ್ಯವೊಂದು ಕಂಡುಬಂದಿತು. ರಸ್ತೆಬದಿಗೆ ಕಸ ಎಸೆದವರನ್ನು ಪತ್ತೆ ಹಚ್ಚಿದ ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯ ಸಿಬ್ಬಂದಿ, ಅವರ ಮನೆಬಾಗಿಲಿಗೇ ಕಸ ತಂದು ಸುರಿದು ದಂಡ ವಸೂಲು ಮಾಡಿದರು. ಅದಕ್ಕೆ 'ಕಸ ಸುರಿಯುವ ಹಬ್ಬ' ಎಂಬ ಹೆಸರೂ ಬಿದ್ದಿತು. ಆ ಕ್ರಮ ಸರಿಯೇ ತಪ್ಪೇ ಎಂಬ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಆ ಬಾಗಿಲು ಯಾರದು?

ನಮ್ಮ ನಗರಗಳ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕೆಳಗೆ ಮನೆಯ ಮಾಲೀಕರ ವಾಸ, ಮೇಲಿನ ಅಂತಸ್ತುಗಳಲ್ಲಿ ಎರಡೋ ಮೂರೋ ಬಾಡಿಗೆ ಸಂಸಾರ. ಗೇಟು ಒಂದೇ, ಮೆಟ್ಟಿಲೂ ಒಂದೇ. ಕಸ ಎಸೆದವರು ಮೇಲಿನವರಾದರೂ ಅದು ಬಂದು ಬೀಳುವುದು ಎಲ್ಲರೂ ಓಡಾಡುವ ಗೇಟಿನ ಮುಂದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಸದ ಶುಲ್ಕವೂ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಜೊತೆಗೇ, ಅಂದರೆ ಮಾಲೀಕರ ಹೆಸರಿನಲ್ಲೇ ಬರುತ್ತದೆ. ಡೆಂಗಿ ಜ್ವರವನ್ನು ಸಾಂಕ್ರಾಮಿಕವೆಂದು ಸಾರಿದ 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ನಿಯಮವಂತೂ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂ., ಗ್ರಾಮಾಂತರದಲ್ಲಿ 200 ರೂ. ದಂಡವನ್ನು ವಿಧಿಸಿ, ಮಾಲೀಕ ಮತ್ತು ವಾಸಿಸುವವ ಇಬ್ಬರನ್ನೂ ಹೊಣೆಗಾರರನ್ನಾಗಿಸಿತು. ಹೀಗೆ ಬಾಡಿಗೆದಾರನ ಕೊಳೆಗೆ ಮಾಲೀಕನೂ ಉತ್ತರ ಹೇಳಬೇಕಾದ ಕಾಲ ಬಂದಿದೆ. ಆದ್ದರಿಂದ, ಮನೆಯನ್ನು ಕೊಳಕಾಗಿಡುವ ಬಾಡಿಗೆದಾರನೊಡನೆ ಮಾಲೀಕ ಹೇಗೆ ನಡೆದುಕೊಳ್ಳಬೇಕೆಂಬುದು ಇನ್ನು ಮೇಲೆ ಕೇವಲ ಎರಡು ಮನೆಗಳ ನಡುವಿನ ಜಗಳವಾಗಿ ಉಳಿದಿಲ್ಲ.

ಯಾವುದು ಕೊಳೆ?

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. 'ಕೊಳಕು' ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ.

ಮೊದಲನೆಯದು ಅಸ್ತವ್ಯಸ್ತತೆ. ಹಾಸಿಗೆ ಮಡಿಸಿಲ್ಲ, ಸಿಂಕಿನಲ್ಲಿ ಪಾತ್ರೆ ಉಳಿದಿದೆ, ಕುರ್ಚಿಯ ಮೇಲೆ ಬಟ್ಟೆ ರಾಶಿಯಾಗಿದೆ. ನೋಡಿದವರಿಗೆ ಬೇಸರವಾದೀತು. ಆದರೆ ಇದರಿಂದ ಗೋಡೆಗೂ ನಷ್ಟವಿಲ್ಲ, ನೆರೆಯವರಿಗೂ ತೊಂದರೆಯಿಲ್ಲ. ಬಾಡಿಗೆ ಕೊಟ್ಟು ವಾಸಿಸುವವನ ಮನೆಯೊಳಗಿನ ಬದುಕು ಅವನದು. ಇದನ್ನು ಪ್ರಶ್ನಿಸುವ ಅಧಿಕಾರ ಮಾಲೀಕನಿಗಿಲ್ಲ.

ಎರಡನೆಯದು ಹಾನಿ. ತಿಂಗಳುಗಟ್ಟಲೆ ಒರೆಸದೆ ಅಡುಗೆಮನೆಯ ಗೋಡೆಗೆ ಕಟ್ಟಿಕೊಂಡ ಎಣ್ಣೆ ಜಿಡ್ಡು, ಅನ್ನದಗುಳು ಸಿಕ್ಕಿ ಕಟ್ಟಿಕೊಂಡ ಕೊಳವೆ, ನೀರು ನಿಂತು ಕೊಳೆತ ಬಚ್ಚಲುಮನೆಯ ಬಾಗಿಲು, ಆಮ್ಲ ಸುರಿದು ಹೊಳಪು ಕಳೆದುಕೊಂಡ ನೆಲ. ಇದು ಮಾಲೀಕನ ಆಸ್ತಿಗೆ ಆದ ನಷ್ಟ.

ಮೂರನೆಯದು ಉಪದ್ರವ. ಬಾಲ್ಕನಿಯಲ್ಲಿ ವಾರಗಟ್ಟಲೆ ಉಳಿದ ಕಸ, ಅದಕ್ಕೆ ಮುತ್ತುವ ಇಲಿ-ಜಿರಲೆ, ಮುಚ್ಚದ ಡ್ರಮ್ಮಿನಲ್ಲಿ ನಿಂತ ನೀರು. ಡೆಂಗಿ ಹರಡುವ ಸೊಳ್ಳೆ ಚರಂಡಿಯ ಕೊಳಚೆಗಿಂತ ಹೆಚ್ಚಾಗಿ ಮನೆಯೊಳಗೆ ಶೇಖರಿಸಿಟ್ಟ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಸಾಕು. ಇದು ಇಡೀ ಬೀದಿಯ ಆರೋಗ್ಯದ ಪ್ರಶ್ನೆ.

ಮೊದಲನೆಯದಕ್ಕೆ ಮೌನವೇ ಮದ್ದು. ಎರಡನೆಯದಕ್ಕೆ ಲಿಖಿತ ತಿಳಿವಳಿಕೆ ಮತ್ತು ಲೆಕ್ಕ ಬೇಕು. ಮೂರನೆಯದಕ್ಕೆ ತಡಮಾಡದ ಮಾತು ಬೇಕು, ಅದಕ್ಕೂ ಬಗ್ಗದಿದ್ದರೆ ನಗರಾಡಳಿತದ ಆರೋಗ್ಯ ವಿಭಾಗಕ್ಕೆ ದೂರು ಕೊಡಬೇಕು. ದುರದೃಷ್ಟವೆಂದರೆ ನಮ್ಮಲ್ಲಿ ಬಹುತೇಕ ಮಾಲೀಕರು ಮೊದಲನೆಯದಕ್ಕೆ ರೇಗುತ್ತಾರೆ, ಎರಡನೆಯದನ್ನು ಮನೆ ಖಾಲಿ ಮಾಡುವ ದಿನದವರೆಗೆ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ, ಮೂರನೆಯದನ್ನು ಸಹಿಸಿಕೊಳ್ಳುತ್ತಾರೆ.

ಬಣ್ಣದ ಕಾಸಿನ ವಿಪರ್ಯಾಸ

ಖಾಲಿ ಮಾಡುವ ದಿನ ಏನಾಗುತ್ತದೆಂಬುದು ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಇಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಮನೆ ಬಿಡುವಾಗ ಸುಣ್ಣ-ಬಣ್ಣಕ್ಕೆಂದು ಅದರಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದೂ ಅಷ್ಟೇ ಹಳೆಯ ರೂಢಿ. ಉದಾಹರಣೆಗೆ, 20,000 ರೂ. ಬಾಡಿಗೆಯ ಮನೆಗೆ 2 ಲಕ್ಷ ಮುಂಗಡ ಕೊಟ್ಟವನ ಕೈಗೆ ಮರಳುವುದು 1 ಲಕ್ಷ 80 ಸಾವಿರ.

ಈ ಪದ್ಧತಿಯ ಒಳಗಿರುವ ವಿಪರ್ಯಾಸವನ್ನು ಗಮನಿಸಬೇಕು. ಮನೆಯನ್ನು ಕನ್ನಡಿಯಂತೆ ಇಟ್ಟುಕೊಂಡವನಿಗೂ, ಗೋಡೆಯನ್ನೆಲ್ಲ ಹಾಳುಮಾಡಿದವನಿಗೂ ಮುರಿತ ಒಂದೇ. ಹೇಗೂ ಒಂದು ತಿಂಗಳ ಬಾಡಿಗೆ ಹೋಗುವುದು ಖಚಿತವೆಂದ ಮೇಲೆ, ಕೊನೆಯ ವಾರ ನೆಲ ಉಜ್ಜಿ, ಒಲೆಯ ಹಿಂದಿನ ಗೋಡೆ ಒರೆಸುವ ಉತ್ಸಾಹ ಯಾರಿಗಿದ್ದೀತು? ಅತ್ತ ಮಾಲೀಕನಾದರೂ ಆ ಹಣ ಸಾಲದೆ ಬಂದಾಗ ಮುಂಗಡದಲ್ಲಿ ಇನ್ನಷ್ಟು ಹಿಡಿಯುತ್ತಾನೆ. ಬಾಡಿಗೆದಾರ ಅದನ್ನು ಮೊದಲೇ ಊಹಿಸಿ ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನೇ ಕೊಡದೆ 'ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಸಾರ್' ಎನ್ನುತ್ತಾನೆ. ಎರಡೂ ಕಡೆ ಅಪನಂಬಿಕೆ, ನಡುವೆ ಕೊಳೆ ಇದ್ದಲ್ಲೇ ಇರುತ್ತದೆ. ಸ್ವಚ್ಛತೆಗೆ ಬೆಲೆ ಕೊಡದ ವ್ಯವಸ್ಥೆಯನ್ನು ನಾವೇ ಕಟ್ಟಿಕೊಂಡು, ಬಾಡಿಗೆದಾರ ಸ್ವಚ್ಛವಾಗಿಲ್ಲವೆಂದು ಗೊಣಗುತ್ತಿದ್ದೇವೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಮಾದರಿ ಬಾಡಿಗೆ ಕಾಯಿದೆ ಈ ಗಂಟನ್ನು ಬಿಡಿಸಲು ಯತ್ನಿಸಿದೆ. ವಾಸದ ಮನೆಗಳಿಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಅದು ಹೇಳುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗಳಿಗೆ ಬಣ್ಣ ಮಾಲೀಕನ ಪಾಲು. ಚರಂಡಿಯ ಕೊಳವೆ ಶುಚಿಗೊಳಿಸುವುದು, ನಲ್ಲಿ, ಸ್ವಿಚ್ಚು, ಕಿಟಕಿಯ ಗಾಜು ಮುಂತಾದವುಗಳ ಚಿಲ್ಲರೆ ರಿಪೇರಿ ಬಾಡಿಗೆದಾರನ ಪಾಲು. ಅವನು ತನ್ನ ಪಾಲಿನದನ್ನು ಮಾಡದಿದ್ದರೆ ಮಾಲೀಕ ಮಾಡಿಸಿ ಆ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳಬಹುದು. ರಾಜ್ಯಗಳು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಂಡಾಗಷ್ಟೇ ಈ ಮಾದರಿಗೆ ಬಲ ಬರುವುದು ನಿಜ. ಆದರೂ ಇಬ್ಬರು ವಿವೇಕಿಗಳು ಬರೆದುಕೊಳ್ಳುವ ಕರಾರಿಗೆ ಇದೇ ಪಟ್ಟಿ ಮೇಲ್ಪಂಕ್ತಿಯಾಗಲು ಯಾವ ಅಡ್ಡಿಯೂ ಇಲ್ಲ.

ಹಳೆಯ ಕಾಯಿದೆಯ ವಿವೇಕ

ಕರ್ನಾಟಕ ಬಾಡಿಗೆ ಕಾಯಿದೆ, 1999 ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದಿನ ಬಾಡಿಗೆಯ ದರದಲ್ಲಿ ನಗರದ ಹೆಚ್ಚಿನ ಮನೆಗಳು ಆ ಮಿತಿಯನ್ನು ಎಂದೋ ದಾಟಿವೆ. ಹಾಗಾಗಿ ಇಂಥ ಮನೆಗಳ ವ್ಯಾಜ್ಯಕ್ಕೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ.

ಅದರ 108ನೆಯ ಕಲಮನ್ನು ಮನೆ ಬಾಡಿಗೆಗೆ ಕೊಡುವ ಪ್ರತಿಯೊಬ್ಬರೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ವಿವೇಕಿಯಾದವನು ತನ್ನ ಸ್ವಂತ ಆಸ್ತಿಯನ್ನು ಹೇಗೆ ಬಳಸುವನೋ ಹಾಗೆ ಬಾಡಿಗೆದಾರ ಮನೆಯನ್ನು ಬಳಸಬೇಕು. ಸಹಜ ಸವಕಳಿಯನ್ನು ಬಿಟ್ಟರೆ, ಪಡೆದಾಗ ಇದ್ದ ಸ್ಥಿತಿಯಲ್ಲೇ ಅದನ್ನು ಕಾಯ್ದುಕೊಂಡು ಹಿಂದಿರುಗಿಸಬೇಕು. ಮಾಲೀಕನು ಯುಕ್ತವಾದ ವೇಳೆಯಲ್ಲಿ ಒಳಗೆ ಬಂದು ಮನೆಯ ಸ್ಥಿತಿಯನ್ನು ಪರಿಶೀಲಿಸಲು ಅವನು ಅವಕಾಶ ಕೊಡಬೇಕು. ತನ್ನಿಂದಾದ ದೋಷವನ್ನು ತಿಳಿಸಿದ ಮೂರು ತಿಂಗಳೊಳಗೆ ಸರಿಪಡಿಸಬೇಕು.

ಈ ಕಲಮಿನ ನಾಲ್ಕು ಮಾತುಗಳಲ್ಲೇ ದಾರಿ ಇದೆ. ಪರಿಶೀಲನೆಗೆ ಅವಕಾಶವಿದೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟುವಂತಿಲ್ಲ. ಒಂದು ದಿನ ಮೊದಲೇ ತಿಳಿಸಿ ಹೋಗಬೇಕೆಂದು ಮಾದರಿ ಕಾಯಿದೆ ಹೇಳುವುದು ಸಭ್ಯತೆಯ ಮಾತೂ ಹೌದು. ಕಂಡ ದೋಷವನ್ನು ಬಾಯಲ್ಲಿ ಹೇಳಿ ಬಿಡುವುದಕ್ಕಿಂತ, ಯಾವ ಕೋಣೆಯಲ್ಲಿ ಏನು ಹಾಳಾಗಿದೆ, ಯಾವಾಗ ಸರಿಯಾಗಬೇಕು ಎಂದು ಬರೆದು ಕೊಡಬೇಕು. 'ಮನೆ ಕೊಳಕಾಗಿದೆ' ಎಂದರೆ ಅದು ಬೈಗುಳ. 'ಅಡುಗೆಮನೆಯ ಕೊಳವೆ ಕಟ್ಟಿದೆ, ಬಾಲ್ಕನಿಯ ಕಸ ತೆಗೆಯಬೇಕು' ಎಂದರೆ ಅದು ನೋಟೀಸು.

ಅದಕ್ಕೂ ಬಗ್ಗದಿದ್ದರೆ? ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು, ಕರಾರಿನಲ್ಲಿ ಬೇರೆ ಅವಧಿ ಹೇಳದಿದ್ದರೆ, 106ನೆಯ ಕಲಮಿನಂತೆ 15 ದಿನಗಳ ನೋಟೀಸಿನಿಂದ ಮುಗಿಸಬಹುದು. ಕರಾರಿನ ಅವಧಿ ಇನ್ನೂ ಉಳಿದಿದ್ದರೆ, ಸ್ವಚ್ಛತೆಯ ಷರತ್ತು ಮುರಿದಲ್ಲಿ ಮನೆ ಹಿಂಪಡೆಯುವ ಹಕ್ಕು ಮಾಲೀಕನಿಗಿದೆಯೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಆಗಲೂ ತಪ್ಪು ಯಾವುದೆಂದು ಲಿಖಿತವಾಗಿ ತಿಳಿಸಿ, ತಿದ್ದಿಕೊಳ್ಳಲು ತಕ್ಕಷ್ಟು ಕಾಲ ಕೊಟ್ಟಿರಬೇಕೆಂದು 114-ಎ ಕಲಮು ವಿಧಿಸುತ್ತದೆ. ಹನ್ನೊಂದು ತಿಂಗಳ ಕರಾರಿನ ಅಚ್ಚಾದ ನಮೂನೆಯನ್ನು ಅಂಗಡಿಯಿಂದ ತಂದು ಹೆಸರು ತುಂಬಿ ಸಹಿ ಹಾಕುವವರು ಈ ಷರತ್ತು ಅದರಲ್ಲಿದೆಯೇ ಎಂದು ನೋಡುವುದೇ ಅಪರೂಪ.

ಫ್ಯೂಸ್ ಕೀಳುವ ನ್ಯಾಯ

ಇಷ್ಟೆಲ್ಲ ತಾಳ್ಮೆ ಯಾರಿಗಿದೆ ಎಂದು ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ನೀರಿನ ವಾಲ್ವ್ ತಿರುಗಿಸುವುದು, ಫ್ಯೂಸ್ ಕೀಳುವುದು, ಬಾಡಿಗೆದಾರ ಊರಿಗೆ ಹೋದಾಗ ಬೇರೆ ಬೀಗ ಜಡಿಯುವುದು ಇತ್ಯಾದಿ. ಇದು ನಷ್ಟವನ್ನು ಮೈಮೇಲೆ ಎಳೆದುಕೊಳ್ಳುವ ಕೆಲಸ. ಕಾನೂನುಬದ್ಧ ಕ್ರಮವಿಲ್ಲದೆ ಮನೆಯಿಂದ ಹೊರದಬ್ಬಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಾಗುವುದಿಲ್ಲ. ಮನೆ ಹಾಳುಮಾಡಿದವನೇ ನ್ಯಾಯಾಲಯದ ಮುಂದೆ ನೊಂದವನಾಗಿ ನಿಲ್ಲುವಂತಾಗುತ್ತದೆ.

ಇನ್ನೂ ಕೆಲವರು ಜಗಳವೇ ಬೇಡವೆಂದು ಬಾಗಿಲಲ್ಲೇ ಜನರನ್ನು ಸೋಸುತ್ತಾರೆ. 'ಸಸ್ಯಾಹಾರಿಗಳಿಗೆ ಮಾತ್ರ', 'ಬ್ರಹ್ಮಚಾರಿಗಳಿಗೆ ಇಲ್ಲ' ಎಂಬ ಫಲಕಗಳ ಹಿಂದೆ ಅನೇಕ ವೇಳೆ ಹೇಳಿಕೊಳ್ಳುವ ಕಾರಣ ಸ್ವಚ್ಛತೆಯೇ. ಆದರೆ ಕಟ್ಟಿದ ಕೊಳವೆಗೆ ಜಾತಿಯಿಲ್ಲ, ನಿಂತ ನೀರಿಗೆ ಊರು-ಭಾಷೆಯಿಲ್ಲ. ಒಲೆಯ ಮೇಲೆ ಏನು ಬೇಯುತ್ತದೆ ಎಂಬುದರಿಂದ ಒಲೆ ಒರೆಸುತ್ತಾರೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಹುಬ್ಬಳ್ಳಿಯಿಂದಲೋ ಕಲಬುರ್ಗಿಯಿಂದಲೋ ಕೆಲಸ ಹುಡುಕಿ ಬಂದ ಯುವಕನಿಗೆ ಹತ್ತು ಬಾಗಿಲುಗಳಲ್ಲಿ ಇಲ್ಲವೆನಿಸುವ ಈ ಸೋಸುವಿಕೆ ಅನ್ಯಾಯದ್ದು. ಮಾಲೀಕನಿಗಾದರೂ ಅದು ಯಾವ ರಕ್ಷಣೆಯನ್ನೂ ಕೊಡದು. ಹಿಂದಿನ ಮನೆಯ ಮಾಲೀಕರನ್ನು ಒಂದು ಮಾತು ವಿಚಾರಿಸಿದರೆ ಇದಕ್ಕಿಂತ ಹೆಚ್ಚು ತಿಳಿಯುತ್ತದೆ.

ಮಾಲೀಕರ ಪಾಲೂ ಇದೆ

ಕೊಳೆಯೆಲ್ಲ ಬಾಡಿಗೆದಾರನದೇ ಎಂದು ಭಾವಿಸುವುದೂ ಸಲ್ಲದು. ತಾರಸಿ ಸೋರಿ ಗೋಡೆಗೆ ಹಿಡಿದ ಬೂಷ್ಟು, ಗಾಳಿಯಾಡದ ಬಚ್ಚಲುಮನೆಯ ಪಾಚಿ ಕಟ್ಟಡದ ದೋಷಗಳು. ಎರಡು ದಿನಕ್ಕೊಮ್ಮೆ ನೀರು ಬಿಡುವ ಮನೆಯಲ್ಲಿ ಡ್ರಮ್ಮುಗಳು ತುಂಬಿರುವುದು ಅನಿವಾರ್ಯ. ಅವುಗಳಿಗೆ ಮುಚ್ಚಳ ಒದಗಿಸುವುದು ಮಾಲೀಕರಿಗೆ ದೊಡ್ಡ ಮಾತೇನಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗಿದವನಿಗೆ ಕಸದ ಆಟೋದ ಹಾಡು ಕೇಳಿಸುವುದಿಲ್ಲ. ಅವನ ಚೀಲ ಕತ್ತಲಲ್ಲಿ ಬೀದಿಯ ಮೂಲೆ ಸೇರುತ್ತದೆ. ಗೇಟಿನೊಳಗೆ ಹಸಿ, ಒಣ ಕಸಕ್ಕೆ ಎರಡು ಮುಚ್ಚಳದ ಬುಟ್ಟಿಗಳನ್ನಿಟ್ಟು, ಬೆಳಗ್ಗೆ ಯಾರು ಹೊರಗಿಡಬೇಕೆಂದು ಗೊತ್ತುಮಾಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ವಿಧಿಸಿದ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯ ಆಶಯವೂ ಇದಕ್ಕಿಂತ ದೂರದ್ದಲ್ಲ.

ಬೀಗದ ಕೈ ಕೊಡುವ ದಿನ

ಇಡೀ ವ್ಯಾಜ್ಯದ ಮೂಲ ಮನೆ ಬಿಡುವ ದಿನದಲ್ಲಿಲ್ಲ, ಮನೆ ಸೇರುವ ದಿನದಲ್ಲಿದೆ. 'ಪಡೆದಾಗ ಇದ್ದ ಸ್ಥಿತಿ' ಎಂದು ಕಾಯಿದೆ ಹೇಳುತ್ತದೆ. ಆ ಸ್ಥಿತಿ ಏನಿತ್ತೆಂಬುದಕ್ಕೆ ಇಬ್ಬರ ಬಳಿಯೂ ದಾಖಲೆ ಇಲ್ಲ. ಬೀಗದ ಕೈ ಕೊಡುವ ದಿನ ಇಬ್ಬರೂ ಕೂಡಿ ಕೋಣೆ ಕೋಣೆ ತಿರುಗಿ, ಗೋಡೆ, ನೆಲ, ನಲ್ಲಿ, ಬಾಗಿಲುಗಳ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ಎರಡೂ ಕಡೆ ಸಹಿ ಹಾಕಿಕೊಂಡರೆ ಅರ್ಧ ಗಂಟೆಯ ಕೆಲಸ. ಬಣ್ಣಕ್ಕೆಂದು ಕಣ್ಣುಮುಚ್ಚಿ ಮುರಿಯುವ ಒಂದು ತಿಂಗಳ ಬಾಡಿಗೆಯ ಬದಲು, ಅದೇ ಹಾಳೆಯನ್ನು ಹಿಡಿದು ಕೊನೆಯ ದಿನ ಮತ್ತೊಮ್ಮೆ ತಿರುಗಿ, ಆದ ಹಾನಿಗೆ ರಸೀದಿಯಂತೆ ಹಣ ಹಿಡಿಯಲಿ. ಏನೂ ಹಾಳಾಗದಿದ್ದರೆ ಪೂರ್ತಿ ಮುಂಗಡ ಮರಳಿ ಕೊಡಲಿ.

ಪಿಂಚಣಿಯ ಜೊತೆಗೆ ಮೇಲಿನ ಮನೆಯ ಬಾಡಿಗೆಯನ್ನೇ ನೆಚ್ಚಿಕೊಂಡ ವೃದ್ಧ ದಂಪತಿಗೆ ಹಾಳಾದ ಒಂದು ಬಚ್ಚಲುಮನೆ ಹಲವು ತಿಂಗಳ ಆದಾಯವನ್ನು ನುಂಗಬಲ್ಲದು. ಹೊಸ ಮನೆಗೆ ಮುಂಗಡ ಹೊಂದಿಸಬೇಕಾದ ಬಾಡಿಗೆದಾರನಿಗೆ ಹಳೆಯ ಮನೆಯಲ್ಲಿ ಸಿಕ್ಕಿಕೊಂಡ ಹಣ ಅಷ್ಟೇ ದೊಡ್ಡದು. ಇಬ್ಬರ ಕಷ್ಟವೂ ನಿಜ. ಸ್ವಚ್ಛವಾಗಿಟ್ಟರೆ ಹಣ ಪೂರ್ತಿ ಮರಳುತ್ತದೆಂಬ ನಂಬಿಕೆ ಬಾಡಿಗೆದಾರನಿಗೆ ಹುಟ್ಟಿದ ದಿನ, ಪೊರಕೆ ಹಿಡಿಯಲು ಅವನಿಗೆ ಯಾರೂ ಬುದ್ಧಿ ಹೇಳಬೇಕಾಗಿ ಬರಲಾರದು.