ಅವ್ವನ ಹಿಂದಿ ನಡೆಯೋ ಊರು

ಐದು ದಿನದ ರಜೆ, ಇಬ್ಬರಿಗೂ ಸೇರಿ ಎರಡು ಲಕ್ಷದೊಳಗಿನ ಬಜೆಟ್, ಮೊದಲ ವಿದೇಶ ಪ್ರವಾಸ. ಸಿಂಗಾಪುರನಾ, ಬ್ಯಾಂಕಾಕಾ, ಕೌಲಾಲಂಪುರನಾ, ದುಬೈನಾ? ಆಫೀಸ್ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಐದು ಜನರಿಂದ ಏಳು ಉತ್ತರ ಬರುತ್ತವೆ. ಒಬ್ಬ ಸಿಂಗಾಪುರದ ಸ್ವಚ್ಛತೆ ಅಂತಾನೆ, ಇನ್ನೊಬ್ಬಳು ಬ್ಯಾಂಕಾಕಿನ ಶಾಪಿಂಗ್ ಅಂತಾಳೆ, ಮತ್ತೊಬ್ಬ ‘ಎರಡೂ ಮಾಡ್ಬಿಡಿ, ಮಧ್ಯೆ ಬಜೆಟ್ ಫ್ಲೈಟ್ ಇದೆಯಲ್ಲ’ ಅಂತಾನೆ. ಎಲ್ಲರೂ ಊರಿನ ಬಗ್ಗೆಯೇ ಹೇಳ್ತಾರೆ. ಹೋಗೋರು ಯಾರು ಅಂತ ಯಾರೂ ಕೇಳಲ್ಲ.

ನನ್ನ ಜೊತೆ ಹೊರಟಿದ್ದು ಅವ್ವ. ವಯಸ್ಸು 57, ಓದಿದ್ದು ಏಳನೇ ಕ್ಲಾಸು, ಎಡ ಮೊಣಕಾಲು ಸವೆದಿದೆ. ಇನ್ನೊಂದೆರಡು ವರ್ಷದಲ್ಲಿ ಆಪರೇಷನ್ ಬೇಕಾಗಬಹುದು ಅಂತ ಡಾಕ್ಟರು ಹೇಳಿದ ಮೇಲೆ, ‘ಮುಂದೆ ಯಾವಾಗಾದ್ರೂ’ ಅಂತ ಎತ್ತಿಟ್ಟಿದ್ದ ಪ್ಲಾನನ್ನು 2025ರ ಫೆಬ್ರವರಿಗೆ ಎಳೆದುಕೊಂಡೆ. ಅಪ್ಪ ಬರಲ್ಲ ಅಂದ. ಚೌಡಾಪುರ ಕ್ರಾಸಿನ ಹತ್ತಿರ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಗುರುವಾರ ಅದನ್ನು ಮುಚ್ಚೋದು ಅಂದ್ರೆ ಅವನಿಗೆ ಪಾಪ ಮಾಡಿದ ಹಾಗೆ.

ಯಾಕೆ ಗುರುವಾರ ಅಂತೀರಾ? ಕಲಬುರಗಿಯಿಂದ ಅಫಜಲಪುರದ ಕಡೆ ಹೊರಟರೆ ದೇವಲ ಗಾಣಗಾಪುರಕ್ಕೆ ತಿರುಗೋದು ನಮ್ಮೂರಲ್ಲಿ. ದತ್ತನ ವಾರ ಗುರುವಾರ. ಅವತ್ತು ಪುಣೆ, ಸೊಲ್ಲಾಪುರ, ಹೈದರಾಬಾದಿನಿಂದ ಬಂದವರೆಲ್ಲ ಕ್ರಾಸಿನಲ್ಲಿ ಇಳಿದು ಚಹಾ ಕುಡಿದು, ತೆಂಗಿನಕಾಯಿ ತಗೊಂಡು ಮುಂದೆ ಹೋಗ್ತಾರೆ. ಅಂದ್ರೆ ಅವ್ವ ಮೂವತ್ತು ವರ್ಷದಿಂದ ಬೇರೆಯವರ ಪ್ರವಾಸ ನೋಡಿಕೊಂಡೇ ಬಂದಿದ್ದಾಳೆ. ತಾನು ನೋಡಿದ್ದು ಪಂಢರಪುರ, ತುಳಜಾಪುರ, ಒಮ್ಮೆ ತಿರುಪತಿ. ಮತ್ತೆ ನನ್ನ ಬೆಂಗಳೂರಿನ ಫ್ಲ್ಯಾಟ್.

ಆ ಫ್ಲ್ಯಾಟಿನ ವಿಷಯ ಹೇಳಲೇಬೇಕು. ಹದಿನೈದು ದಿನ ಬಂದು ಇದ್ದರೂ ಅವ್ವ ಒಬ್ಬಳೇ ಕೆಳಗಿಳಿಯಲ್ಲ. ಗೇಟಿಗೊಂದು ಆ್ಯಪ್, ತರಕಾರಿಗೊಂದು ಆ್ಯಪ್, ಲಿಫ್ಟಿನಲ್ಲಿ ಸಿಗೋರೆಲ್ಲ ಇಂಗ್ಲಿಷ್. ಊರಲ್ಲಿ ಮೂರು ಭಾಷೆಯಲ್ಲಿ ವ್ಯಾಪಾರ ಮಾಡೋ ಹೆಂಗಸು ಇಲ್ಲಿ ನಾನು ಬರೋವರೆಗೂ ಬಾಲ್ಕನಿಯಲ್ಲಿ ಕೂತಿರ್ತಾಳೆ. ನಾಲ್ಕು ಊರಿನ ಹೆಸರು ಅವಳ ಮುಂದೆ ಇಟ್ಟಾಗ ಅವಳು ಕೇಳಿದ್ದು ಒಂದೇ: “ಅಲ್ಲಿ ನಾ ಒಬ್ಬಾಕಿನೇ ಅಂಗಡಿಗಿ ಹೋಗಿ ಬರ್ಲಾಕ ಆಗ್ತದೇನು?”

ನನ್ನ ಎಕ್ಸೆಲ್ ಶೀಟಿನಲ್ಲಿ ವೀಸಾ, ಟಿಕೆಟ್, ಹೋಟೆಲ್, ಹವಾಮಾನ, ನಡಿಗೆ, ಊಟ ಅಂತ ಕಾಲಂಗಳು ಇದ್ದವು. ಈ ಕಾಲಂ ಇರಲಿಲ್ಲ. ಸೇರಿಸಿದೆ, ಲೆಕ್ಕವೆಲ್ಲ ಬದಲಾಯಿತು.

ಅದಕ್ಕೂ ಮೊದಲು ದಿನಗಳ ಲೆಕ್ಕ. ಐದು ದಿನದ ಟ್ರಿಪ್ ಅಂತ ಇಂಟರ್ನೆಟ್ಟಿನಲ್ಲಿ ಸಿಗೋದೆಲ್ಲ ವಿಮಾನ ನಿಲ್ದಾಣದಿಂದ ಶುರುವಾಗುತ್ತೆ. ನಮ್ಮದು ಚೌಡಾಪುರದಿಂದ ಶುರು. ಬೆಂಗಳೂರಿನಿಂದ ಹೋಗೋದಾದರೆ ಅವ್ವ ಒಂದು ರಾತ್ರಿ ರೈಲಿನಲ್ಲಿ ಬರಬೇಕು. ಹೈದರಾಬಾದ್ ಆದರೆ ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್, ಕಾರಿನಲ್ಲಿ ನಾಲ್ಕೈದು ತಾಸು. ಈ ನಾಲ್ಕೂ ಊರಿಗೆ ಅಲ್ಲಿಂದ ನೇರ ವಿಮಾನಗಳಿವೆ. ಕಲ್ಯಾಣ ಕರ್ನಾಟಕದವರು ‘ಬೆಂಗಳೂರಿಗೆ ಹೋಗಿ ಹಾರೋದು’ ಅನ್ನೋದನ್ನು ಒಮ್ಮೆ ಮರುಲೆಕ್ಕ ಹಾಕಬೇಕು. ನಾನೇ ಊರಿಗೆ ಬಂದು ಅವ್ವನನ್ನು ಕರೆದುಕೊಂಡು ಹೈದರಾಬಾದಿನಿಂದ ಹೊರಡೋದು ಅಂತಾಯಿತು. ಹಾಗೆ ಮಾಡಿದರೂ ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿಗೆ ಹದಿನೈದು ತಾಸು. ಐದು ದಿನದಲ್ಲಿ ಕೈಗೆ ಉಳಿಯೋದು ಮೂರೂವರೆ. ಎರಡು ಊರು ಅನ್ನೋ ಮಾತು ಅಲ್ಲಿಗೇ ಮುಗಿಯಿತು.

ಇದನ್ನು ಅವ್ವನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಗಾಣಗಾಪುರ, ಅಕ್ಕಲಕೋಟ, ತುಳಜಾಪುರ, ಪಂಢರಪುರ ಎಲ್ಲಾ ಎರಡೇ ದಿನದಾಗ ಮುಗಿಸೋ ಬಸ್ಸುಗಳು ನಮ್ಮ ಅಂಗಡಿ ಮುಂದೇ ನಿಲ್ತವೆ. “ಅವರು ಗುಡಿ ಎಲ್ಲಿ ನೋಡ್ತಾರ? ಬಸ್ ನೋಡಿ ಹೋಗ್ತಾರ” ಅಂದಳು. ಮಧ್ಯಾಹ್ನದ ಭಿಕ್ಷೆಯ ಹೊತ್ತಿಗೆ ಗಾಣಗಾಪುರದಲ್ಲಿ ಇದ್ದು, ಐದು ಮನೆ ತಿರುಗಿ, ಭೀಮಾ–ಅಮರ್ಜಾ ಸಂಗಮದಲ್ಲಿ ಒಂದಷ್ಟು ಹೊತ್ತು ಕೂತು ಬರೋರ ಮುಖವೇ ಬೇರೆ ಅಂತ ಅವಳ ಅಂದಾಜು.

ಸರಿ, ಊರುಗಳಿಗೆ ಬರ್ತೀನಿ. ನನ್ನ ಮನಸ್ಸು ಬ್ಯಾಂಕಾಕಿನ ಮೇಲಿತ್ತು, ಸುಳ್ಳು ಯಾಕೆ ಹೇಳಲಿ. ಭಾರತೀಯರಿಗೆ ಆಗ ವೀಸಾ ಬೇಕಿರಲಿಲ್ಲ (ಈ ನಿಯಮಗಳು ಬದಲಾಗ್ತಾ ಇರ್ತವೆ, ಟಿಕೆಟ್ ಮಾಡೋ ಮೊದಲು ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ), ಹೋಟೆಲ್ ಅಗ್ಗ, ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ, ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪ. ವಾಟ್ ಪೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ. ಆದರೆ ಆ ಊರಿನ ಸೊಗಸು ಇರೋದು ಚಾವೊ ಫ್ರಾಯಾ ನದಿಯ ದೋಣಿಗಳಲ್ಲಿ, ಗಲ್ಲಿಗಳಲ್ಲಿ, ಮೇಲ್ಸೇತುವೆ ಹತ್ತಿ ಇಳಿಯೋದರಲ್ಲಿ. ಮೊಣಕಾಲಿಗೆ ಅದು ಕಷ್ಟ. ಫೆಬ್ರವರಿ ಅಲ್ಲಿ ಹೊಗೆ–ಧೂಳಿನ ಕಾಲ ಬೇರೆ. ಹಳದಿ ಫಲಕದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಅಂತ ಥಾಯ್‌ನಲ್ಲಿ ಬರೆದಿದ್ದರೆ ಪಕ್ಕಾ ಸಸ್ಯಾಹಾರ ಅಂತ ನಾನು ಗುರುತು ಹಿಡೀಬಹುದು, ಅವ್ವ ಒಬ್ಬಳೇ ಹೋಗಿ ಅದನ್ನು ಹುಡುಕಲಾರಳು.

ಕೌಲಾಲಂಪುರಕ್ಕೂ ಆಗ ವೀಸಾ ಬೇಕಿರಲಿಲ್ಲ. ಆದರೆ ಅವ್ವನಿಗೆ ಇಷ್ಟ ಆಗಬಹುದಾದ ಬಟು ಗುಹೆಯ ಮುರುಗನ ಗುಡಿಗೆ 272 ಮೆಟ್ಟಿಲು. ಮುಂದಕ್ಕೆ ಹೋದೆ.

ಸಿಂಗಾಪುರ ನನ್ನ ಶೀಟಿನಲ್ಲಿ ಎಲ್ಲಾ ಕಡೆ ಮೊದಲ ಸ್ಥಾನ. ನಲ್ಲಿ ನೀರು ಕುಡೀಬಹುದು, ಮೆಟ್ರೋ ನಿಲ್ದಾಣಕ್ಕೆಲ್ಲ ಲಿಫ್ಟ್, ರಾತ್ರಿ ಹನ್ನೊಂದಕ್ಕೂ ಭಯವಿಲ್ಲ, ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ. ಟೈಮ್ ಕೂಡ ಚೆನ್ನಾಗಿ ಹೊಂದುತ್ತೆ: ಅವ್ವ ಊರಲ್ಲಿ ಏಳೋದು 5ಕ್ಕೆ, ಸಿಂಗಾಪುರದಲ್ಲಿ ಆಗ 7:30. ದುಬೈಯಲ್ಲಿ 3:30! ಆದರೆ ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳು ಇಂಗ್ಲಿಷ್, ಮಲಯ, ಮ್ಯಾಂಡರಿನ್, ತಮಿಳು. ನಾಲ್ಕರಲ್ಲಿ ಒಂದೂ ಅವ್ವನಿಗೆ ಬರಲ್ಲ. ಅಷ್ಟು ಒಳ್ಳೆಯ ಊರಿನಲ್ಲಿ ಅವಳು ಮತ್ತೆ ನನ್ನ ಬೆನ್ನ ಹಿಂದೆ, ಟ್ರಾಲಿ ಬ್ಯಾಗಿನ ಹಾಗೆ.

ಇನ್ನು ದುಬೈ. ನಮ್ಮ ವಯಸ್ಸಿನವರಿಗೆ ದುಬೈ ಅಂದ್ರೆ ರೀಲ್ಸು, ಮಾಲು, 828 ಮೀಟರಿನ ಕಟ್ಟಡ. ನನಗೂ ಆ ಹೊಳಪಿನ ಮೇಲೆ ಅಂಥ ಪ್ರೀತಿ ಇಲ್ಲ, ಈಗಲೂ ಇಲ್ಲ. ಆದರೆ ಖಾಡಿಯ ಎರಡೂ ದಡದ ಹಳೇ ದುಬೈ, ಅಂದರೆ ಬರ್ ದುಬೈ ಮತ್ತು ದೇರಾ, ಬೇರೆಯೇ ಊರು. ಅಲ್ಲಿನ ಅಂಗಡಿಯವರು, ಟ್ಯಾಕ್ಸಿಯವರು, ದೋಣಿಯವರು ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು. ಬೀದಿ ಭಾಷೆ ಹಿಂದಿ–ಉರ್ದು.

ನಮ್ಮ ಕಡೆಯವರಿಗೆ ಅದು ಶಾಲೆಯಲ್ಲಿ ಕಲಿತ ಭಾಷೆಯಲ್ಲ. ಕಲಬುರಗಿ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದಿನಲ್ಲಿತ್ತು, ಕಚೇರಿ ಕಾಗದವೆಲ್ಲ ಉರ್ದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ರಾಜ್ಯ ಬದಲಾದರೂ ಬಂದೇನವಾಜ್ ದರ್ಗಾದ ಉರುಸಿನಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ದಖ್ಖನಿ ಹಿಂದಿ ಉಳಿಯಿತು. ಅವ್ವನ ಹಿಂದಿಯಲ್ಲಿ ವ್ಯಾಕರಣ ಹುಡುಕಬೇಡಿ. ‘ಕೈಕೂ’, ‘ನಕ್ಕೋ’, ಮಧ್ಯೆ ಎರಡು ಮರಾಠಿ ಪದ. ಆದರೆ ಅದರಲ್ಲಿ ಅವಳು ಯಾರಿಗೂ ಸೋಲಲ್ಲ. ಬೆಂಗಳೂರಿಗಿಂತ ಸಲೀಸಾಗಿ ಅವ್ವ ಓಡಾಡಬಹುದಾದ ದೊಡ್ಡ ಪಟ್ಟಣ ಅರಬ್ಬೀ ಸಮುದ್ರದ ಆಚೆ ಇದೆ ಅನ್ನೋದು ನನಗೇ ನಗು ತರಿಸಿತು.

ಊರು ಗೊತ್ತಾದ ಮೇಲೆ ಕಾಗದಪತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಹಳ್ಳಿಯಲ್ಲಿರೋ ಅಪ್ಪ–ಅಮ್ಮನನ್ನು ಕರೆದೊಯ್ಯೋರಿಗೆ ಬೇಕಾಗುತ್ತೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಅಂತ ಬೀಳುತ್ತೆ. ಯುಎಇ, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗೋರಿಗೆ ಸರ್ಕಾರದ ಅನುಮತಿ ಬೇಕು ಅಂತ ಅದರರ್ಥ. ಸಿಂಗಾಪುರ ಆ ಪಟ್ಟಿಯಲ್ಲಿಲ್ಲ. ಪ್ರವಾಸಕ್ಕೆ ಹೋಗೋರಿಗೆ ಈ ಅನುಮತಿ ಬೇಡ. 50 ದಾಟಿದವರಿಗಂತೂ ಓದು ಎಷ್ಟೇ ಇರಲಿ ಇಸಿಆರ್‌ನಿಂದ ವಿನಾಯಿತಿ ಇದೆ, ಅರ್ಜಿಯಲ್ಲಿ ಅದನ್ನು ಕೇಳಿಕೊಳ್ಳಬೇಕು ಅಷ್ಟೆ.

ಅದಕ್ಕಿಂತ ದೊಡ್ಡ ವಿಷಯ ಹೆಸರಿನದು. ನಮ್ಮ ಕಡೆ ಎಷ್ಟೋ ಹೆಂಗಸರ ಆಧಾರ್‌ನಲ್ಲಿ ಒಂದೇ ಪದದ ಹೆಸರು. ಪಾಸ್‌ಪೋರ್ಟ್ ಕೂಡ ಹಾಗೇ ಬಂದರೆ ಯುಎಇಗೆ ತೊಂದರೆ: 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಅವರು ಪ್ರವಾಸಿ ಪ್ರವೇಶ ಕೊಡಲ್ಲ. ಹಾಗಾಗಿ ಮೊದಲು ಆಧಾರ್ ತಿದ್ದಿಸಿ, ಸರ್‌ನೇಮ್ ಕಾಲಂ ತುಂಬಿಸಿ, ಆಮೇಲೆ 1,500 ರೂಪಾಯಿ ಕಟ್ಟಿ ಕಲಬುರಗಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋದೆವು. ಅವ್ವ ಹುಟ್ಟಿದ್ದು ಜೂನ್ 1ಕ್ಕೆ. ನಮ್ಮೂರಲ್ಲಿ ಶಾಲೆ ಮೆಟ್ಟಿಲು ಹತ್ತಿದವರ ಪೈಕಿ ಬೇರೆ ದಿನ ಹುಟ್ಟಿದವರು ಕಮ್ಮಿ.

ಚೀಲದ ವಿಷಯ: ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಶೇಂಗಾ ಚಟ್ನಿ ಆರಾಮಾಗಿ ಹೋದವು. ಗಸಗಸೆ ಮಾತ್ರ ಬೇಡವೇ ಬೇಡ. ನಮಗೆ ಅದು ಅಡುಗೆ ಸಾಮಾನು, ಯುಎಇಯಲ್ಲಿ ನಿಷೇಧಿತ ವಸ್ತು. ಅಂಟಿನ ಉಂಡೆಯಲ್ಲಿ ಹಾಕಿರ್ತಾರೆ, ಕೇಳಿ ನೋಡಿ. ನೋವಿನ ಮಾತ್ರೆಗೆ ಡಾಕ್ಟರ ಚೀಟಿ ಜೊತೆಗಿರಲಿ, ಟ್ರಾಮಡಾಲ್, ಕೊಡೀನ್ ಇರೋ ಔಷಧ ಅಲ್ಲಿ ನಿಯಂತ್ರಿತ. ಇನ್ನು ಓಣಿಯವರೆಲ್ಲ ‘ಬಂಗಾರ ತಗೊಂಡ್ ಬಾ’ ಅಂತಾರೆ. ಒಡವೆಗೆ ಸಿಗೋ ಸುಂಕದ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ, ಐದು ದಿನ ಹೋಗಿ ಬಂದವರಿಗಲ್ಲ.

ಮಾರ್ಚ್ 1ಕ್ಕೆ ರಂಜಾನ್ ಶುರುವಾಗೋದಿತ್ತು, ನಾವು ಅದಕ್ಕೂ ಮೊದಲೇ ಹೋದೆವು. ತೊಗರಿ ರಾಶಿ ಮುಗಿದಿತ್ತು, ದುಬೈ ಬಿಸಿಲೂ ಹದವಾಗಿತ್ತು. ಬರ್ ದುಬೈಯಲ್ಲಿ, ಮೆಟ್ರೋಗೆ ಹತ್ತಿರ ರೂಮು. ಮರೀನಾ ಕಡೆ ಇಳಿದರೆ ಹಳೇ ಊರಿಗೆ ಬರೋಕೆ ಮೂವತ್ತು ಕಿಲೋಮೀಟರ್, ಅದನ್ನು ನೆನಪಿಟ್ಟುಕೊಳ್ಳಿ. ಬುರ್ಜ್ ಖಲೀಫಾದ ಮೇಲೆ ಹತ್ತಲಿಲ್ಲ, ಕೆಳಗೆ ನಿಂತು ಕಾರಂಜಿ ನೋಡಿದೆವು, ಅದಕ್ಕೆ ದುಡ್ಡಿಲ್ಲ. ಅಬುಧಾಬಿಯ ಹೊಸ ಮಂದಿರಕ್ಕೆ ಹೋಗೋಣವಾ ಅಂದರೆ “ಗುಡಿ ನಮ್ಮಲ್ಲೇ ಅದಾವ, ಇಲ್ಲಿದು ನೋಡೋಣ” ಅಂದಳು.

ಮೂರನೇ ದಿನ ಬೆಳಿಗ್ಗೆ ನನಗೆ ಒಂದು ಆಫೀಸ್ ಕಾಲ್ ಇತ್ತು. ಅವ್ವ ಹೋಟೆಲ್ ಕಾರ್ಡ್ ಕುಪ್ಪಸದಲ್ಲಿಟ್ಟುಕೊಂಡು, ಹತ್ತು ದಿರ್ಹಮ್ ಚಿಲ್ಲರೆ ಹಿಡಿದು ಹೊರಟಳು. ಖಾಡಿ ದಾಟಿಸೋ ಅಬ್ರಾ ದೋಣಿಗೆ ಆಗ ಒಂದು ದಿರ್ಹಮ್ ಇತ್ತು, ನಮ್ಮ 23–24 ರೂಪಾಯಿ. ಆಚೆ ದಡದಲ್ಲೇ ಮಸಾಲೆ ಬಜಾರು. ನಾನು ಮೀಟಿಂಗಿನಲ್ಲಿ ಏನು ಮಾತಾಡಿದೆನೋ ದೇವರೇ ಬಲ್ಲ, ಕಣ್ಣು ಫೋನಿನ ಲೊಕೇಶನ್ ಚುಕ್ಕೆ ಮೇಲೆ. ಚುಕ್ಕೆ ನೀರು ದಾಟಿತು, ನಿಂತಿತು, ಬಹಳ ಹೊತ್ತು ಅಲ್ಲೇ ಇತ್ತು.

ಒಂದು ತಾಸು ನಲವತ್ತು ನಿಮಿಷಕ್ಕೆ ವಾಪಸ್ ಬಂದಳು. ಕೈಯಲ್ಲಿ ಖರ್ಜೂರದ ಸಣ್ಣ ಪೊಟ್ಟಣ. ಏಲಕ್ಕಿ ರೇಟು ಕೇಳಿ, ಮೂಸಿ ನೋಡಿ, “ನಮ್ಮ ಅಂಗಡ್ಯಾಗ ಇದಕ್ಕಿಂತ ಚಲೋದು ಅದಾ” ಅಂತ ಅವನಿಗೇ ಹೇಳಿ ಬಂದಿದ್ದಾಳೆ. ಅಂಗಡಿಯವನು ಕೂಡಿಸಿ ಚಹಾ ಕೊಟ್ಟನಂತೆ. ದೋಣಿಯಲ್ಲಿ ಪಕ್ಕ ಕೂತ ಬಿಹಾರದ ಹುಡುಗ ಎರಡು ವರ್ಷದಿಂದ ಊರಿಗೆ ಹೋಗಿಲ್ಲ ಅಂತ ಅತ್ತನಂತೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಬೆಂಗಳೂರಿನಿಂದ ಊರಿಗೆ ಹೋದಾಗ ಹೇಳೋದಕ್ಕೆ ಅವಳ ಹತ್ತಿರ ಏನೂ ಇರ್ತಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಮತ್ತೆ ದೋಣಿ ಹತ್ತಿದೆವು. ಈ ಸಲ ದಾರಿ ತೋರಿಸಿದ್ದು ಅವಳು.

ಈಗ ಅಪ್ಪನ ಆಧಾರ್ ತಿದ್ದಿಸೋಕೆ ಕೊಟ್ಟಿದ್ದೇನೆ. ಅವನ ಹಿಂದಿ ಅವ್ವನಷ್ಟು ಚಲೋ ಇಲ್ಲ, ಮಾತೂ ಕಡಿಮೆ, ಆದರೆ ಮೊಣಕಾಲು ಗಟ್ಟಿ. ಬ್ಯಾಂಕಾಕಿನ ಶೀಟ್ ಮತ್ತೆ ತೆಗೆದಿದ್ದೇನೆ. ಶುಕ್ರವಾರ ಹೊರಟು ಬುಧವಾರ ರಾತ್ರಿಯೊಳಗೆ ಕ್ರಾಸಿಗೆ ಬಂದಿರಬೇಕು, ಅವನ ಷರತ್ತು ಅದೊಂದೇ.