ಕ್ಯಾಸಲ್ ರಾಕ್: ಮರೆತ ಗಡಿನಿಲ್ದಾಣ

ಲೋಂಡಾ ಮಾರ್ಗವಾಗಿ ಗೋವೆಗೆ ಹೊರಟ ನಮ್ಮವರು ದೂಧಸಾಗರ ಜಲಪಾತಕ್ಕಾಗಿ ಕಿಟಕಿಗೆ ಮುಗಿಬೀಳುತ್ತಾರೆ. ಅದಕ್ಕೆ ಮುನ್ನ ಬರುವ ಕ್ಯಾಸಲ್ ರಾಕನ್ನು ಗಮನಿಸುವವರು ವಿರಳ. ಉತ್ತರ ಕನ್ನಡದ ಈ ಕಾಡಿನ ನಿಲ್ದಾಣ ಒಂದು ಕಾಲಕ್ಕೆ ಅಂತರರಾಷ್ಟ್ರೀಯ ಗಡಿಯಲ್ಲಿತ್ತು. 1880ರ ದಶಕದಲ್ಲಿ ಮುರ್ಮಗೋವಾ ಬಂದರಿನಿಂದ ಘಟ್ಟವೇರಿ ಬಂದ ಪೋರ್ಚುಗೀಸ್ ಸೀಮೆಯ ಹಳಿ ಇಲ್ಲಿ ಬ್ರಿಟಿಷ್ ಭಾರತದ ಹಳಿಯನ್ನು ಕೂಡಿತು. ಇಲ್ಲಿ ನಮ್ಮ ಸುಂಕದವರ ತಪಾಸಣೆ, ಘಟ್ಟದ ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರದು. 1955ರಲ್ಲಿ ಸಂಚಾರವೇ ಕಡಿದುಬಿತ್ತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡು ಆ ಗಡಿಯೇ ಅಳಿಯಿತು.

ಗಡಿಯೆಂದರೆ ಬೆಳಗಾವಿ, ಕಾಸರಗೋಡು ಎಂದಷ್ಟೇ ಬಲ್ಲ ನಾವು ಈ ಚರಿತ್ರೆಯನ್ನು ಕನ್ನಡದಲ್ಲಿ ದಾಖಲಿಸಿಡಬೇಕು. ಜಲಪಾತಕ್ಕೆ ಪ್ರಚಾರಕರ ಕೊರತೆಯಿಲ್ಲ. ರೈಲ್ವೆಯವರು ಹಳೆಯ ಕಡತಗಳನ್ನು ಕಾಯಲಿ. ಗೋವೆಯ ಹಾಗೂ ಮುಂಬಯಿಯ ಕನ್ನಡ ಸಂಘಗಳು ಹಿರಿಯರ ನೆನಪುಗಳನ್ನು ಬರೆದುಕೊಳ್ಳಲಿ. ವಿಳಂಬ ಸಲ್ಲದು: 1955ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಎಂಬತ್ತರ ಪ್ರಾಯ.